ಸಲಹೆ ಕಡಲು ದಾಟುತ್ತದೆ, ಎಚ್ಚರಿಕೆ ದಾಟುವುದಿಲ್ಲ

ಕಳೆದ ಚಳಿಗಾಲದ ಒಂದು ರಾತ್ರಿ ಒಂದೂವರೆ ಗಂಟೆಗೆ ಹಾಸನದಿಂದ ಅಕ್ಕನ ಕರೆ ಬಂತು. ಊರಿನಲ್ಲಿ ಆಗ ಬೆಳಗಿನ ಏಳು. "ನಿಮ್ಮ ಭಾವಂಗೆ ನಿನ್ನೆಯಿಂದ ವಾಂತಿ ಕಣೋ. ಹೊಟ್ಟೆನೋವು ಅಂತಾರೆ, ಏದುಸಿರು ಬಿಡ್ತಾ ಇದಾರೆ. ಷುಗರ್ ನೋಡಿದೆ, ನೂರೆಪ್ಪತ್ತೆಂಟು ಅಷ್ಟೆ. ಗ್ಯಾಸ್ಟ್ರಿಕ್ ಇರಬೇಕು. ಯಾವ ಮಾತ್ರೆ ಕೊಡಲಿ ಹೇಳು" ಎಂದಳು.

ಭಾವನವರಿಗೆ ಅರುವತ್ತೊಂದು ವರ್ಷ. ಒಂಬತ್ತು ವರ್ಷಗಳಿಂದ ಮಧುಮೇಹವಿದೆ. ಏನು ತಿಂದಿದ್ದರು ಎಂದು ಕೇಳಿದೆ. ಹನ್ನೆರಡು ದಿನಗಳಿಂದ ಅನ್ನ, ಮುದ್ದೆ, ಚಪಾತಿ ಯಾವುದನ್ನೂ ಮುಟ್ಟಿಲ್ಲ ಎಂಬ ಉತ್ತರ ಬಂತು. ಯಾವುದೋ ವಿಡಿಯೋದಲ್ಲಿ ಪೌಷ್ಟಿಕತಜ್ಞರೊಬ್ಬರು ಹೇಳಿದಂತೆ ಬರೀ ಮೊಟ್ಟೆ, ಪನೀರು, ತುಪ್ಪ, ಸೊಪ್ಪು. ಅದರ ಮೇಲೆ ಹಿಂದಿನ ದಿನ ಏಕಾದಶಿಯ ಉಪವಾಸವನ್ನೂ ಮಾಡಿದ್ದರು. ಯಾವ ಮಾತ್ರೆಗಳನ್ನು ನುಂಗುತ್ತಿದ್ದಾರೆ ಎಂದು ಕೇಳಿದಾಗ ಅಕ್ಕ ಎರಡನೆಯ ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ಅದು 'ಗ್ಲಿಫ್ಲೋಜಿನ್' ಗುಂಪಿನ ಔಷಧಿ. ಕೇಳಿದೊಡನೆ ನಿದ್ದೆ ಹಾರಿಹೋಯಿತು. ಕೂಡಲೇ ಐ.ಸಿ.ಯು. ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗು, ಸಕ್ಕರೆಯ ಮಟ್ಟ ನೋಡಿ ಸುಮ್ಮನಾಗದೆ ರಕ್ತದಲ್ಲಿ ಕೀಟೋನ್ ಪರೀಕ್ಷಿಸಲು ಹೇಳು ಎಂದೆ. ಮೂರು ದಿನ ಐ.ಸಿ.ಯು.ನಲ್ಲಿದ್ದು ಭಾವ ಮನೆಗೆ ಮರಳಿದರು. ಇನ್ನರ್ಧ ದಿನ ತಡವಾಗಿದ್ದರೆ ಈ ಲೇಖನವನ್ನು ಬೇರೆಯೇ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಆದದ್ದೇನು ಎಂಬುದನ್ನು ಸರಳವಾಗಿ ಹೇಳುತ್ತೇನೆ, ಏಕೆಂದರೆ ಓದುಗರ ಪೈಕಿ ಹಲವರ ಮನೆಯಲ್ಲಿ ಈ ಮಾತ್ರೆ ಇರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದವು ರಕ್ತದಲ್ಲಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಉತ್ತಮ ಔಷಧಿಗಳಿವು. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿಯೂ ಎರಡನೆಯದರದು 2025ರಲ್ಲಿಯೂ ಮುಗಿದು ಬೆಲೆ ಇಳಿದ ಮೇಲೆ ಸಣ್ಣ ಊರುಗಳಲ್ಲಿಯೂ ಧಾರಾಳವಾಗಿ ಬಳಕೆಗೆ ಬಂದಿವೆ. ಆದರೆ ಈ ಮಾತ್ರೆ ನುಂಗುತ್ತಿರುವವರು ಶರ್ಕರಪಿಷ್ಟವನ್ನು ಥಟ್ಟನೆ ಪೂರ್ತಿ ಬಿಟ್ಟರೆ ದೇಹದಲ್ಲಿ ಇನ್ಸುಲಿನ್ ಇಳಿಯುತ್ತದೆ, ದೇಹ ಕೊಬ್ಬನ್ನು ಉರಿಸತೊಡಗುತ್ತದೆ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಸಕ್ಕರೆ ನಾನೂರು, ಐನೂರು ಇರುತ್ತದೆ. ಇಲ್ಲಿ ಮಾತ್ರ ಸಕ್ಕರೆ ಮೂತ್ರದಲ್ಲಿ ಸೋರಿಹೋಗುತ್ತಿರುವುದರಿಂದ ಮನೆಯ ಯಂತ್ರದಲ್ಲಿ ನೂರೆಪ್ಪತ್ತೋ ಇನ್ನೂರೋ ತೋರಿಸಿ ನಮ್ಮನ್ನು ನಂಬಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿಯೇ ಈ ಅಪಾಯದ ಬಗ್ಗೆ ಎಚ್ಚರಿಕೆ ನೀಡಿತು. ಬ್ರಿಟನ್ನಿನ ಸಂಸ್ಥೆಯೂ ವೈದ್ಯರಿಗೆ ತಿಳಿಸಿತು. ಭಾವ ನೋಡಿದ ವಿಡಿಯೋದಲ್ಲಿ ಅದರ ಸುಳಿವಿರಲಿಲ್ಲ. ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ 'ನಿಮ್ಮ ವೈದ್ಯರನ್ನು ಕೇಳಿ' ಎಂಬ ಸಾಲೊಂದಿತ್ತು, ಅಷ್ಟೆ.

ಆ ವಿಡಿಯೋದವರನ್ನು ಬೈದು ಕೈತೊಳೆದುಕೊಳ್ಳುವುದು ನನಗೆ ಸುಲಭವಾಗಿತ್ತು. ಆದರೆ ಅದಕ್ಕೆ ಎರಡು ತಿಂಗಳ ಮುಂಚೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ, ಆಹಾರದಿಂದಲೇ ಮಧುಮೇಹವನ್ನು ಹಿಮ್ಮೆಟ್ಟಿಸಬಹುದೆಂಬ ಬ್ರಿಟನ್ನಿನ ಲೇಖನವೊಂದನ್ನು ಕಳಿಸಿದವನು ನಾನೇ. 'ಎಲ್ಲರೂ ಓದಿ, ಅನ್ನ ಕಡಿಮೆ ಮಾಡಿ' ಎಂದು ಕೆಳಗೆ ಬರೆದವನೂ ನಾನೇ. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದವನಿಗೆ ಭಾವನ ಮಾತ್ರೆಗಳ ಹೆಸರು ಕೇಳಬೇಕೆಂದು ತೋಚಲಿಲ್ಲ. "ವಿದೇಶದಲ್ಲಿರುವ ಡಾಕ್ಟರೇ ಹೇಳಿದಾರೆ" ಎಂಬ ಧೈರ್ಯದಿಂದ ಅವರು ಮುಂದಿನ ಹೆಜ್ಜೆಗಾಗಿ ವಿಡಿಯೋ ಹುಡುಕಿದ್ದರು. ಹೀಗಾಗಿ ಮಾಧ್ಯಮದ ಮೂಲಕ ಬರುವ ಆಹಾರ ಸಲಹೆಯ ಬಗ್ಗೆ ಬರೆಯುವಾಗ ನಾನು ಹೊರಗೆ ನಿಂತು ತೀರ್ಪು ಕೊಡುತ್ತಿಲ್ಲ.

ರೇಡಿಯೋದಿಂದ ಮೋಸ್ಲಿಯವರವರೆಗೆ

ನಾನು ಬದುಕುತ್ತಿರುವ ಈ ದೇಶಕ್ಕೆ ಮಾಧ್ಯಮದಿಂದ ಊಟದ ಪಾಠ ಕೇಳಿಸಿಕೊಳ್ಳುವುದು ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಪಡಿತರ ಜಾರಿಗೆ ಬಂದಾಗ ಬಿಬಿಸಿ ಬೆಳಗಿನ ವಾರ್ತೆಯ ಹಿಂದೆಯೇ 'ಕಿಚನ್ ಫ್ರಂಟ್' ಎಂಬ ಪುಟ್ಟ ಕಾರ್ಯಕ್ರಮವನ್ನು ಬಿತ್ತರಿಸುತ್ತಿತ್ತು. ಇದ್ದಷ್ಟು ಬೆಣ್ಣೆ, ಇದ್ದಷ್ಟು ಮಾಂಸ, ತೋಟದ ಆಲೂಗಡ್ಡೆ ಮತ್ತು ಗಜ್ಜರಿಯಲ್ಲಿ ಮನೆಮಂದಿಗೆ ಪೌಷ್ಟಿಕ ಊಟ ಒದಗಿಸುವುದು ಹೇಗೆಂಬ ಮಾಹಿತಿ ಅದರಲ್ಲಿರುತ್ತಿತ್ತು. ಅದರ ಹಿಂದೆ ಆಹಾರ ಸಚಿವಾಲಯವೂ ವಿಜ್ಞಾನಿಗಳೂ ಇದ್ದರು. ಕೇಳುಗರ ಕೈಯಲ್ಲಿ ಪಡಿತರ ಚೀಟಿ ಇತ್ತು. ಹೇಳುವವರಿಗೆ ಕೇಳುವವರ ತಟ್ಟೆಯಲ್ಲಿ ಏನಿದೆ ಎಂಬುದು ಗೊತ್ತಿತ್ತು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮ ಕಾಲಕ್ಕೆ ಬಂದರೆ, ಈ ಕ್ಷೇತ್ರದಲ್ಲಿ ಬ್ರಿಟನ್ನಿನ ಮನೆಮನೆಗೂ ತಲುಪಿದ ಹೆಸರು ಮೈಕೇಲ್ ಮೋಸ್ಲಿ. 1957ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಬ್ಯಾಂಕಿನ ಕೆಲಸ ಬಿಟ್ಟು ಲಂಡನ್ನಿನಲ್ಲಿ ವೈದ್ಯಶಿಕ್ಷಣ ಮುಗಿಸಿದರೂ ರೋಗಿಗಳನ್ನು ನೋಡಲಿಲ್ಲ. 1985ರಲ್ಲಿ ಬಿಬಿಸಿ ಸೇರಿ ಪತ್ರಕರ್ತರಾದರು. 2012ರಲ್ಲಿ ತಮಗೇ ಮಧುಮೇಹವಿದೆ ಎಂದು ತಿಳಿದಾಗ ಮಾತ್ರೆಗಿಂತ ಮೊದಲು ಪಥ್ಯವನ್ನು ಪ್ರಯತ್ನಿಸಿ ನೋಡುತ್ತೇನೆಂದು ಹೊರಟರು. ವಾರದಲ್ಲಿ ಐದು ದಿನ ಸಾಮಾನ್ಯ ಊಟ, ಎರಡು ದಿನ ಹೆಂಗಸರಿಗೆ 500, ಗಂಡಸರಿಗೆ 600 ಕ್ಯಾಲೊರಿ ಎಂಬ '5:2' ಪದ್ಧತಿಯನ್ನು ಅದೇ ವರ್ಷ ದೂರದರ್ಶನದ ಪರದೆಯ ಮೇಲೆ ತೋರಿಸಿದರು. ಮರುವರ್ಷ ಪುಸ್ತಕ ಬಂತು. ನನ್ನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆ ವರ್ಷ ಅದರ ಬಗ್ಗೆ ಕೇಳದ ದಿನವೇ ಇರಲಿಲ್ಲ. ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತು ನೋಡುತ್ತ ಬೆಳೆದ ನಮಗೆ ಇದರಲ್ಲೇನು ವಿಶೇಷವೆನಿಸಿತ್ತು. ಆದರೆ ಇಂಗ್ಲಿಷ್ ರೋಗಿಗಳಿಗೆ, ಹಸಿವು ಎಂಬುದು ಅಪಘಾತವಲ್ಲ, ತಡೆದುಕೊಳ್ಳಬಹುದಾದ ಸಂಗತಿ ಎಂಬುದನ್ನು ಮೊದಲ ಬಾರಿಗೆ ಒಪ್ಪುವಂತೆ ಹೇಳಿದವರು ಅವರು. 2024ರ ಜೂನ್‌ನಲ್ಲಿ ಗ್ರೀಸಿನ ಸಿಮಿ ದ್ವೀಪದಲ್ಲಿ ಬಿಸಿಲಲ್ಲಿ ನಡೆಯಲು ಹೋದವರು ಮರಳಲಿಲ್ಲ. ಆ ವಾರ ನನ್ನ ಬಳಿಗೆ ಬಂದ ರೋಗಿಗಳ ಪೈಕಿ ಹಲವರು ಮನೆಯವರೇ ಹೋದಂತೆ ಮಾತನಾಡಿದ್ದರು.

ಮೋಸ್ಲಿಯವರ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ಹೇಳಬೇಕು. ಸಂಶೋಧಕರು ಹೇಳಿದ್ದನ್ನು ತಮ್ಮ ದೇಹದ ಮೇಲೆ ಪ್ರಯೋಗಿಸಿ, ಅಳತೆಗಳನ್ನು ತೋರಿಸಿ, ಇದು ನನಗೆ ಆದದ್ದು ಎಂದು ಹೇಳುತ್ತಿದ್ದರು. ಗರ್ಭಿಣಿಯರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಆಹಾರಸೇವನೆಯ ಮಾನಸಿಕ ಕಾಯಿಲೆ ಇರುವವರು ಈ ದಾರಿಗೆ ಬರಬಾರದೆಂಬ ಎಚ್ಚರಿಕೆ ಪುಸ್ತಕಗಳಲ್ಲಿತ್ತು. ಆದರೂ ಮೂರು ವಾರದಲ್ಲಿ ಆರು ಕಿಲೋ ಇಳಿಸುವ ಅವರ 2020ರ ದೂರದರ್ಶನ ಸರಣಿಯನ್ನು ಆಹಾರಸೇವನೆಯ ಕಾಯಿಲೆ ಇರುವವರ ಪರ ದುಡಿಯುವ 'ಬೀಟ್' ಎಂಬ ಸಂಸ್ಥೆ ಕಟುವಾಗಿ ಟೀಕಿಸಿತು. ಪುಸ್ತಕ ಕೊಂಡವರು ಎಚ್ಚರಿಕೆಯ ಪುಟವನ್ನು ಓದಬಹುದು. ಪರದೆಯ ಮುಂದೆ ಆಕಸ್ಮಿಕವಾಗಿ ಕುಳಿತ ಹದಿನೇಳರ ಹುಡುಗಿ ಓದುವುದಿಲ್ಲ. ಮಾಧ್ಯಮದ ಸಲಹೆಗೆ ಬಾಗಿಲಿಲ್ಲ. ಯಾರು ಬೇಕಾದರೂ ಒಳಗೆ ಬರುತ್ತಾರೆ.

ಸಲಹೆಯ ಹಿಂದೆ ಇದ್ದ ವ್ಯವಸ್ಥೆ

ಹಾಗಾದರೆ ಬ್ರಿಟನ್ನಿನಲ್ಲಿ ಈ ಮಾತಿನಿಂದ ಒಳಿತಾದದ್ದು ಹೇಗೆ? ಮೋಸ್ಲಿಯವರು ಆಧರಿಸಿದ್ದ ಸಂಶೋಧನೆಗಳಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಯ್ ಟೇಲರ್ ಅವರದು ಮುಖ್ಯ. 2011ರಲ್ಲಿ ಕೇವಲ ಹನ್ನೊಂದು ರೋಗಿಗಳ ಮೇಲೆ ಎಂಟು ವಾರ ನಡೆದ ಅಧ್ಯಯನದಲ್ಲಿ, ಕಟ್ಟುನಿಟ್ಟಿನ ಮಿತಾಹಾರದಿಂದ ಯಕೃತ್ತು ಮತ್ತು ಮೇದೋಜೀರಕದಲ್ಲಿ ಸೇರಿಕೊಂಡ ಕೊಬ್ಬು ಕರಗಿ ಸಕ್ಕರೆ ಸಹಜ ಮಟ್ಟಕ್ಕೆ ಇಳಿಯಬಲ್ಲದೆಂದು ಅವರು ತೋರಿಸಿದರು. ಬಳಿಕ ಗ್ಲಾಸ್ಗೋದ ಮೈಕ್ ಲೀನ್ ಅವರೊಡನೆ ಸೇರಿ 306 ರೋಗಿಗಳ ಮೇಲೆ ನಡೆಸಿದ 'ಡೈರೆಕ್ಟ್' ಪ್ರಯೋಗದ ಫಲಿತಾಂಶ 2017ರ ಕೊನೆಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯವನ್ನು ಮೂರರಿಂದ ಐದು ತಿಂಗಳು ಮಾಡಿದವರ ಗುಂಪಿನಲ್ಲಿ ಒಂದು ವರ್ಷದ ಬಳಿಕ ಶೇ. 46ರಷ್ಟು ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿದ್ದರು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಅಂಥವರು ಶೇ. 4 ಮಾತ್ರ. ಎರಡನೆಯ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ತೂಕ ಮರಳಿದವರಿಗೆ ಕಾಯಿಲೆಯೂ ಮರಳಿತು.

ನಾನು ಕುಟುಂಬದ ಗುಂಪಿಗೆ ಕಳಿಸಿದ ಲೇಖನದಲ್ಲಿ ಈ ಅಂಕಿಗಳಿದ್ದವು. ಅದರಲ್ಲಿ ಇಲ್ಲದಿದ್ದದ್ದು ಪ್ರಯೋಗದ ಷರತ್ತುಗಳು. ಆರು ವರ್ಷಕ್ಕಿಂತ ಹಳೆಯ ಕಾಯಿಲೆಯವರನ್ನು ಅದಕ್ಕೆ ಸೇರಿಸಿಕೊಂಡಿರಲಿಲ್ಲ. ಭಾವನವರದು ಒಂಬತ್ತು ವರ್ಷದ್ದು. ಇನ್ಸುಲಿನ್ ಬಳಸುವವರೂ ಇರಲಿಲ್ಲ. ಭಾಗವಹಿಸಿದವರು ಬಹುಮಟ್ಟಿಗೆ ಬಿಳಿಯರು. ಎಲ್ಲಕ್ಕಿಂತ ಮುಖ್ಯವಾಗಿ, ಪಥ್ಯ ಆರಂಭವಾದ ಮೊದಲ ದಿನವೇ ಮಧುಮೇಹ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ನಿಲ್ಲಿಸಲಾಗಿತ್ತು. ಯಾರಿಗೆ ಮತ್ತೆ ಬೇಕೋ ಅವರಿಗೆ ಮರಳಿ ಕೊಡಲು ದಾದಿಯರೂ ಪಥ್ಯಾಹಾರ ತಜ್ಞರೂ ಇದ್ದರು.

ಇದೇ ಶಿಸ್ತಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್.ಎಚ್.ಎಸ್., ಈ ಪದ್ಧತಿಯನ್ನು ಒಂದು ಯೋಜನೆಯಾಗಿಸಿತು. 2024ರ ಹೊತ್ತಿಗೆ ಅದು ಇಂಗ್ಲೆಂಡಿನಾದ್ಯಂತ ಲಭ್ಯವಾಯಿತು. ಹನ್ನೆರಡು ವಾರ ಸೂಪು ಮತ್ತು ಪಾನೀಯಗಳ ಮಿತಾಹಾರ, ನಂತರ ನಿಧಾನವಾಗಿ ಮನೆಯೂಟಕ್ಕೆ ಮರಳುವಿಕೆ, ಒಟ್ಟು ಒಂದು ವರ್ಷದ ಬೆಂಬಲ. ಸೇರಬೇಕಾದರೆ ಕುಟುಂಬ ವೈದ್ಯರೇ ಕಳಿಸಬೇಕು. 18ರಿಂದ 65 ವರ್ಷದೊಳಗಿರಬೇಕು, ಕಾಯಿಲೆ ಆರು ವರ್ಷದೊಳಗಿನದಾಗಿರಬೇಕು. ದೇಹತೂಕ ಸೂಚ್ಯಂಕ ಬಿಳಿಯರಿಗೆ 27 ಇರಬೇಕಾದರೆ ನಮ್ಮಂಥವರಿಗೆ 25 ಸಾಕು. ಮಾತ್ರೆಗಳ ಬದಲಾವಣೆ ಮೊದಲೇ ನಿರ್ಧಾರವಾಗಿರಬೇಕು.

ಗಮನಿಸಿ: ದೂರದರ್ಶನ ಮಾಡಿದ್ದು ಆಸೆ ಹುಟ್ಟಿಸುವ ಕೆಲಸವನ್ನು. ಆಸೆಯಿಂದ ಎದ್ದು ಬಂದವರನ್ನು ಸೋಸಿ, ತೂಗಿ, ಕೈಹಿಡಿದು ನಡೆಸಿದ್ದು ವ್ಯವಸ್ಥೆ. ಸಲಹೆಯ ಯಶಸ್ಸೆಂದು ನಮಗೆ ಕಾಣುವುದು ಇವೆರಡೂ ಕೂಡಿದ ಫಲ. ವಾಟ್ಸ್‌ಆ್ಯಪ್ ಮೂಲಕ ಹಾಸನಕ್ಕೆ ಹೋದದ್ದು ಮೊದಲನೆಯದು ಮಾತ್ರ. ಎರಡನೆಯದು ಇಲ್ಲೇ ಉಳಿಯಿತು. ನನ್ನ ಮಟ್ಟಿಗೆ ಇಡೀ ಪ್ರಕರಣದ ಸಾರ ಇಷ್ಟೇ. ಯಾವ ಪೌಷ್ಟಿಕತಜ್ಞರು ಏನು ತಿನ್ನಬೇಕೆಂದು ಎಷ್ಟು ಚೆನ್ನಾಗಿ ಹೇಳುತ್ತಾರೆ ಎನ್ನುವುದಕ್ಕಿಂತ, ಯಾರಿಗೆ ಇದು ಸಲ್ಲದು ಎಂಬುದನ್ನು ಹೇಳುತ್ತಾರೆಯೇ ಎನ್ನುವುದೇ ಅವರನ್ನು ಅಳೆಯುವ ಅಳತೆಗೋಲು.

ತಜ್ಞರೆಂದರೆ ಯಾರು?

ಇಲ್ಲಿ ಎರಡು ಪದಗಳ ನಡುವಿನ ಭೇದವನ್ನು ತಿಳಿದಿರಬೇಕು. ಬ್ರಿಟನ್ನಿನಲ್ಲಿ 'ಡಯಟೀಷಿಯನ್' ಎಂದು ಕರೆದುಕೊಳ್ಳುವುದಕ್ಕೆ ಕಾನೂನಿನ ರಕ್ಷಣೆಯಿದೆ. ಎಚ್.ಸಿ.ಪಿ.ಸಿ. ಎಂಬ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದೆ ಆ ಹೆಸರನ್ನು ಬಳಸುವುದು ಅಪರಾಧ. ತಪ್ಪು ಸಲಹೆ ಕೊಟ್ಟರೆ ದೂರು ಕೊಡಬಹುದು, ನೋಂದಣಿ ರದ್ದಾಗಬಹುದು. ಆದರೆ 'ನ್ಯೂಟ್ರಿಷನಿಸ್ಟ್' ಎಂಬ ಹೆಸರಿಗೆ ಆ ರಕ್ಷಣೆಯಿಲ್ಲ. ಸ್ನಾತಕೋತ್ತರ ಪದವಿ ಪಡೆದು ಸ್ವಯಂಪ್ರೇರಿತ ನೋಂದಣಿ ಮಾಡಿಸಿಕೊಂಡ ಯೋಗ್ಯರೂ ಆ ಹೆಸರಿನಲ್ಲಿದ್ದಾರೆ, ವಾರಾಂತ್ಯದ ಆನ್‌ಲೈನ್ ಕೋರ್ಸು ಮುಗಿಸಿದವರೂ ಇದ್ದಾರೆ. ಪರದೆಯ ಮೇಲೆ ಇಬ್ಬರ ಬಿಳಿ ಕೋಟೂ ಒಂದೇ ಬಿಳಿ.

ಭಾರತದಲ್ಲಿ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯಿದೆ ಪೌಷ್ಟಿಕತಜ್ಞರನ್ನು ತನ್ನ ವ್ಯಾಪ್ತಿಗೆ ತಂದಿದೆ. ಭಾರತೀಯ ಡಯಟೆಟಿಕ್ ಸಂಘ ಪರೀಕ್ಷೆ ನಡೆಸಿ 'ಆರ್.ಡಿ.' ಎಂಬ ಅರ್ಹತೆ ಕೊಡುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಜಾಹೀರಾತು ಮಾನದಂಡ ಮಂಡಳಿಯೂ, ಆರೋಗ್ಯದ ಬಗ್ಗೆ ಹೇಳುವ ಪ್ರಭಾವಿಗಳು ತಮ್ಮ ಅರ್ಹತೆಯನ್ನು ಬಹಿರಂಗಪಡಿಸಬೇಕೆಂದು ಮಾರ್ಗಸೂಚಿ ಹೊರಡಿಸಿದವು. ಇವು ಒಳ್ಳೆಯ ಹೆಜ್ಜೆಗಳು. ಆದರೆ ನೋಡುವವರು ಕೇಳದಿದ್ದರೆ ಯಾರೂ ತಾವಾಗಿ ತೋರಿಸುವುದಿಲ್ಲ.

ಬ್ರಿಟನ್ನಿನಲ್ಲಿಯೂ ಎಲ್ಲ ಸರಿಯಾಗಿದೆಯೆಂದಲ್ಲ. 2026ರ ಜನವರಿ 5ರಿಂದ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳ ಜಾಹೀರಾತನ್ನು ರಾತ್ರಿ ಒಂಬತ್ತರ ಮುಂಚೆ ದೂರದರ್ಶನದಲ್ಲಿಯೂ, ಹಣ ಕೊಟ್ಟು ಹಾಕಿಸುವ ಆನ್‌ಲೈನ್ ಜಾಹೀರಾತಿನಲ್ಲಿ ಯಾವ ಹೊತ್ತಿನಲ್ಲಿಯೂ ತೋರಿಸುವಂತಿಲ್ಲ. ಮಕ್ಕಳ ಬೊಜ್ಜು ತಡೆಯುವ ಈ ಕಾನೂನನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕಾನೂನು ತಡೆಯುವುದು ತಿನಿಸು ಮಾರುವವರ ಕಾಸಿನ ಮಾತನ್ನು. ತಿನ್ನಲೇಬೇಡಿ ಎಂದೋ ಇದನ್ನೇ ತಿನ್ನಿ ಎಂದೋ ಹೇಳುವ ಬಿಟ್ಟಿ ಮಾತಿಗೆ ಅದು ಹತ್ತಿರವೂ ಸುಳಿಯುವುದಿಲ್ಲ. ಆ ಬಿಟ್ಟಿ ಮಾತಿನ ಕೆಳಗೆ ಅನೇಕ ಸಲ ಪುಡಿಯ ಡಬ್ಬಿಯ ಕೊಂಡಿಯೊಂದು ಇರುತ್ತದೆ ಎಂಬುದು ಬೇರೆ ಮಾತು.

ನಮ್ಮ ತಟ್ಟೆಯ ಲೆಕ್ಕ

'ಕಿಚನ್ ಫ್ರಂಟ್'ನವರಿಗೆ ಕೇಳುಗರ ತಟ್ಟೆ ಗೊತ್ತಿತ್ತು ಎಂದೆ. ನಮ್ಮ ತಟ್ಟೆಯ ಬಗ್ಗೆ ಬಲ್ಲವರೂ ಇಲ್ಲದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹದಿನೇಳು ಆಹಾರ ಸೂತ್ರಗಳನ್ನು ಪ್ರಕಟಿಸಿತು. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರದಿರಲಿ, ಬೇಳೆಕಾಳು, ತರಕಾರಿ, ಹಾಲು, ಮೊಟ್ಟೆ, ಬೀಜಗಳು ಆ ಜಾಗ ತುಂಬಲಿ ಎಂಬುದು ಅದರ ತಿರುಳು. ಐ.ಸಿ.ಎಂ.ಆರ್. ನಡೆಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ನಾವು ಶಕ್ತಿಯ ಸುಮಾರು ಶೇ. 62ನ್ನು ಶರ್ಕರಪಿಷ್ಟದಿಂದಲೇ ಪಡೆಯುತ್ತೇವೆ. ಅದೇ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ತಿಳಿಸಿತು. ಅಂದರೆ ಅನ್ನ ಕಡಿಮೆ ಮಾಡಿ ಎಂಬ ಮಾತು ತಪ್ಪಲ್ಲ. ಕಡಿಮೆ ಮಾಡುವುದು ಬೇರೆ, ರಾತ್ರೋರಾತ್ರಿ ಕಿತ್ತೊಗೆಯುವುದು ಬೇರೆ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿದು, ಜೊತೆಗೆ ಹುರುಳಿಯೋ ಅವರೆಯೋ ಹೆಸರುಕಾಳೋ ಮುಂದೆ ಬಂದರೆ ಸೂತ್ರ ಬಹುಪಾಲು ಪಾಲನೆಯಾದಂತೆ. ಆದರೆ ಇಂಥ ಮಾತಿಗೆ ವಿಡಿಯೋದಲ್ಲಿ ಮೂರು ಲಕ್ಷ ನೋಟಗಳು ಬರುವುದಿಲ್ಲ.

ರಾಗಿಯ ಬಗ್ಗೆಯೂ ಒಂದು ಮಾತು. 'ಸಕ್ಕರೆ ಕಾಯಿಲೆಗೆ ರಾಗಿ ಎಷ್ಟು ತಿಂದರೂ ಆಗುತ್ತದೆ' ಎಂಬ ನಂಬಿಕೆ ಊರಿನಲ್ಲಿಯೂ ಇಲ್ಲಿಯ ಕನ್ನಡಿಗರಲ್ಲಿಯೂ ಗಟ್ಟಿಯಾಗಿದೆ. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದೆ, ನಾರೂ ಇದೆ, ನಿಜ. ಆದರೆ ನೂರು ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಹತ್ತಿರ ಹತ್ತಿರ 70 ಗ್ರಾಂ. ಅಕ್ಕಿಗಿಂತ ತುಸು ಕಡಿಮೆ, ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ. ರಾಗಿ ಒಳ್ಳೆಯ ಧಾನ್ಯ, ಆದರೆ ಅದು ಔಷಧಿಯಲ್ಲ.

ಇನ್ನು ತೂಕ. ಬಿಳಿಯರಿಗೆ ದೇಹತೂಕ ಸೂಚ್ಯಂಕ 25 ದಾಟಿದರೆ ಹೆಚ್ಚಿನ ತೂಕ, 30 ದಾಟಿದರೆ ಬೊಜ್ಜು. ದಕ್ಷಿಣ ಏಷ್ಯಾದವರಿಗೆ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶನವೇ 23 ಮತ್ತು 27.5 ಎಂಬ ಮಿತಿಗಳನ್ನು ಹಾಕಿದೆ. ಹೊಟ್ಟೆಯ ಸುತ್ತ ಕೊಬ್ಬು ಶೇಖರಿಸುವ ನಮ್ಮ ದೇಹಕ್ಕೆ ಕಡಿಮೆ ತೂಕದಲ್ಲಿಯೇ ಕಾಯಿಲೆ ಬರುತ್ತದೆ. ಇಲ್ಲಿಯ ದೂರದರ್ಶನದಲ್ಲಿ ಸಾಮಾನ್ಯ ವೀಕ್ಷಕನಿಗೆ ಹೇಳುವ ಮಿತಿಯನ್ನು ಕೇಳಿ 'ನನ್ನದು ಇಪ್ಪತ್ತನಾಲ್ಕು, ಚಿಂತೆಯಿಲ್ಲ' ಎಂದುಕೊಂಡ ಕನ್ನಡಿಗ ತಂತ್ರಜ್ಞರನ್ನು ನಾನು ಪರೀಕ್ಷೆಯ ಫಲಿತಾಂಶದೊಡನೆ ಎದುರಿಸಿದ್ದೇನೆ.

ಇತ್ತ ಬರುವವರಿಗೆ

ಸಲಹೆ ಅತ್ತಿಂದ ಇತ್ತ ಬರುವಾಗಲೂ ಇದೇ ತೊಡಕು. 'ಬೆಳಗಿನ ಎಳೆಬಿಸಿಲಲ್ಲಿ ಹತ್ತು ನಿಮಿಷ ನಿಂತರೆ ವಿಟಮಿನ್ ಡಿ ಸಾಕು' ಎಂಬ ಕನ್ನಡದ ಸಲಹೆ ಹಾಸನದಲ್ಲಿ ಏನೇ ಇರಲಿ, ಮ್ಯಾಂಚೆಸ್ಟರಿನ ನವೆಂಬರಿನಲ್ಲಿ ಅರ್ಥಹೀನ. ಇಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗಿನ ಬಿಸಿಲಿಗೆ ಆ ಶಕ್ತಿಯಿಲ್ಲ. ಆಗ ಎಲ್ಲರೂ, ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದವರು ವರ್ಷವಿಡೀ, ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕೆಂದು ಇಲ್ಲಿಯ ಸರ್ಕಾರ ಹೇಳುತ್ತದೆ. ಅದು 400 ಯೂನಿಟ್. ಊರಿನಿಂದ ಬರುವವರು ಪೆಟ್ಟಿಗೆಯಲ್ಲಿ ತರುವುದು ವಾರಕ್ಕೊಂದು ನುಂಗುವ 60,000 ಯೂನಿಟ್ಟಿನ ಪೊಟ್ಟಣ. ವೈದ್ಯರು ಎಂಟು ವಾರಕ್ಕೆಂದು ಬರೆದುಕೊಟ್ಟದ್ದನ್ನು ಎರಡು ವರ್ಷ ನುಂಗಿ ರಕ್ತದ ಕ್ಯಾಲ್ಸಿಯಂ ಏರಿಸಿಕೊಳ್ಳುವ ಅಪಾಯವನ್ನು ತಂದುಕೊಳ್ಳಬೇಡಿ.

ಬ್ರಿಟನ್ನಿಗೆ ಬರಲು ಸಿದ್ಧತೆ ನಡೆಸಿರುವವರು ವೀಸಾದೊಡನೆಯೇ ಆರೋಗ್ಯ ಶುಲ್ಕ ಕಟ್ಟುತ್ತೀರಿ. ವಯಸ್ಕರಿಗೆ ವರ್ಷಕ್ಕೆ 1,035 ಪೌಂಡು. ಕೊಟ್ಟ ಹಣಕ್ಕೆ ದೊರೆಯುವ ಮೊದಲ ಸೌಲಭ್ಯವೇ ಕುಟುಂಬ ವೈದ್ಯರ ಬಳಿ ನೋಂದಣಿ. ಬಂದ ವಾರದಲ್ಲೇ ಮಾಡಿಸಿಕೊಳ್ಳಿ. ಕಾಯಿಲೆ ಬಂದ ಮೇಲೆ ನೋಡೋಣವೆನ್ನಬೇಡಿ. ಇಂಗ್ಲೆಂಡಿನಲ್ಲಿ ಮಧುಮೇಹಕ್ಕೆ ಔಷಧಿ ಪಡೆಯುವವರು ವಿನಾಯಿತಿ ಪತ್ರ ಪಡೆದರೆ ಎಲ್ಲ ಮಾತ್ರೆಗಳೂ ಉಚಿತ. ನಲವತ್ತು ದಾಟಿದ, ಇಂಥ ಕಾಯಿಲೆಗಳಿಲ್ಲದವರಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯಿದೆ. ಪಥ್ಯಾಹಾರ ತಜ್ಞರನ್ನು ಕಾಣಲು ಕಾಯಬೇಕಾಗುತ್ತದೆ, ನಿಜ. ಆದರೆ ಕಾಯುವ ಆ ಅವಧಿಯಲ್ಲಿ ಊರಿನ ವಿಡಿಯೋವನ್ನೇ ಚಿಕಿತ್ಸೆಯಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಊಟದ ವಿವರವನ್ನು ಇಡ್ಲಿ, ಉಪ್ಪಿಟ್ಟು, ಸಾರು ಎಂದೇ ಬರೆದಿಟ್ಟುಕೊಂಡು ಹೋಗಿ. ಅವರಿಗೆ ನಮ್ಮ ತಟ್ಟೆ ಗೊತ್ತಿಲ್ಲದಿದ್ದರೆ ತಿಳಿಸುವ ಹೊಣೆ ನಮ್ಮದು.

ಕೊನೆಗೆ, ವಿಡಿಯೋ ನೋಡಬೇಡಿ ಎಂದು ನಾನು ಹೇಳಲಾರೆ. ನೋಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹೇಳುತ್ತಿರುವವರ ಅರ್ಹತೆಯೇನು, ಅವರ ಮೇಲೆ ದೂರು ಕೊಡಲು ಯಾವುದಾದರೂ ಮಂಡಳಿಯಿದೆಯೇ? ಇದು ಯಾರಿಗೆ ಬೇಡ ಎಂದು ಹೇಳಿದರೇ? ನಾನು ನುಂಗುತ್ತಿರುವ ಮಾತ್ರೆಯ ಬಗ್ಗೆ ಏನಾದರೂ ಅಂದರೇ? ಕೊನೆಯಲ್ಲಿ ಏನನ್ನಾದರೂ ಮಾರಿದರೇ? ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮಾತು ಎಷ್ಟೇ ಹಿತವಾಗಿದ್ದರೂ ಊಟ ಬದಲಿಸುವ ಮುನ್ನ ನಿಮ್ಮ ವೈದ್ಯರ ಬಳಿಗೆ ಮಾತ್ರೆಗಳ ಪಟ್ಟಿಯೊಡನೆ ಹೋಗಿ.

ಹೊರದೇಶದಲ್ಲಿರುವ ಮಗ, ಮಗಳು, ತಮ್ಮ, ಅಳಿಯಂದಿರಿಗೆ ಇನ್ನೊಂದು ಮಾತು. ನಾವು ಕಳಿಸುವ ಕೊಂಡಿಗೆ ಊರಿನಲ್ಲಿ ನಾವಂದುಕೊಂಡದ್ದಕ್ಕಿಂತ ಹೆಚ್ಚು ತೂಕವಿದೆ. ನಾನೀಗ ಕುಟುಂಬದ ಗುಂಪಿಗೆ ಲೇಖನ ಕಳಿಸುವುದನ್ನು ನಿಲ್ಲಿಸಿಲ್ಲ. ಕಳಿಸುವ ಮುಂಚೆ ಎಲ್ಲರ ಮಾತ್ರೆಗಳ ಚಿತ್ರವನ್ನು ತರಿಸಿಕೊಂಡು ಇಟ್ಟುಕೊಂಡಿದ್ದೇನೆ. ಕೆಳಗೆ 'ಇದು ಯಾರಿಗೆ ಸಲ್ಲದು' ಎಂದು ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇನೆ.

ಭಾವ ಚೆನ್ನಾಗಿದ್ದಾರೆ. ಅವರ ವೈದ್ಯರು ಆ ಮಾತ್ರೆಯನ್ನು ಬದಲಿಸಿದ್ದಾರೆ. ರಾತ್ರಿ ಅರ್ಧ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಊಟವಾದ ಮೇಲೆ ಅಕ್ಕನ ಜೊತೆ ಅರ್ಧ ಗಂಟೆ ನಡಿಗೆ. ಆರು ತಿಂಗಳಲ್ಲಿ ಮೂರು ಕಿಲೋ ಇಳಿದಿದ್ದಾರೆ. "ಆ ವಿಡಿಯೋದಲ್ಲಿ ಹನ್ನೆರಡೇ ದಿನಕ್ಕೆ ನಾಲ್ಕು ಕಿಲೋ ಇಳಿದಿತ್ತು ಡಾಕ್ಟ್ರೇ" ಎಂದು ಈಗಲೂ ನನ್ನನ್ನು ರೇಗಿಸುತ್ತಾರೆ. ಹೌದು ಭಾವ, ಇಳಿದಿತ್ತು ಎನ್ನುತ್ತೇನೆ.